ಕಬಿನಿಯ ‘ಪಾಪಾ’

ಕಬಿನಿ ದಡದ ಕಾರಾಪುರದ ಕಾಡಿನ ಲಾಡ್ಜಿನಲ್ಲಿ, ಗೋಲ್ ಘರ್ ಎಂಬ ದುಂಡನೆಯ ಊಟದ ಅಂಕಣದಲ್ಲಿ ಸಂಜೆಯ ಚಹಾ ಹಿಡಿದು ಕುಳಿತಿದ್ದಾಗ ಹಿನ್ನೀರಿನಾಚೆ ಜಿಂಕೆಯೊಂದು ಅಪಾಯದ ಸುಳಿವು ಕೊಡುವಂತೆ ಎರಡು ಬಾರಿ ಕೂಗಿ ಸುಮ್ಮನಾಯಿತು; ಬಡಿಸುತ್ತಿದ್ದವರ ಕೈಯೂ ಅರೆಕ್ಷಣ ನಿಂತಿತು. ಆಗ ನೆನಪಾದವರು ಎಲ್ಲರ ಬಾಯಲ್ಲಿ ‘ಪಾಪಾ’ ಆಗಿದ್ದ ಕರ್ನಲ್ ಜಾನ್ ವೇಕ್‌ಫೀಲ್ಡ್. 1916ರಲ್ಲಿ ಗಯಾದಲ್ಲಿ ಹುಟ್ಟಿ, ಬಾಲ್ಯದಲ್ಲೇ ಹುಲಿ ಹೊಡೆದು, ಮುಂದೆ ಪರರ ಶಿಕಾರಿಗೂ ಏರ್ಪಾಡು ಮಾಡಿಕೊಡುತ್ತಿದ್ದ ಆ ಹಿರಿಯರು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲಿನ ಕಾಲದಲ್ಲಿ ಅದೇ ಕಾಡಿನ ಅರಿವನ್ನು ಕರ್ನಾಟಕ ಸರ್ಕಾರದ ವನ್ಯಜೀವಿ ಪ್ರವಾಸೋದ್ಯಮ ಸಂಸ್ಥೆಯಾದ ಜಂಗಲ್ ಲಾಡ್ಜಸ್‌ಗೆ ಧಾರೆಯೆರೆದು, ಮೈಸೂರು ಅರಸರ ಹಳೆಯ ಬೇಟೆ ಬಂಗಲೆಯ ಅಂಗಳದಲ್ಲೇ ಜನರಿಗೆ ಪ್ರಾಣಿಗಳನ್ನು ಸುಮ್ಮನೆ ನೋಡುವುದನ್ನು ಕಲಿಸಿದರು. ಬಂದೂಕು ಹಿಡಿದವರನ್ನು ಸುಲಭಕ್ಕೆ ಮೆಚ್ಚುವವನಲ್ಲ ನಾನು. ಆದರೂ ಹೆಜ್ಜೆಗುರುತು ಓದುವ ಆ ಕಣ್ಣು ಬೇಟೆಯಲ್ಲೇ ಪಳಗಿದ್ದೆಂಬುದನ್ನು ಅಲ್ಲಗಳೆಯಲಾರೆ. 2010ರ ಏಪ್ರಿಲ್‌ನಲ್ಲಿ, 94ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರ ಮನೆ ಇದೇ ಕಬಿನಿಯ ದಡವಾಗಿತ್ತು.