ಗೋಡೆಯಿಲ್ಲದ ಬಾಗಿಲು

2018ರ ಆಗಸ್ಟ್ ಮಳೆಗೆ ಮಕ್ಕಂದೂರಿನ ಕಡೆ ಗುಡ್ಡ ಜರಿದಾಗ ನನ್ನ ಸೋದರಮಾವನ ಮನೆಯ ಹಿಂಭಾಗ ಮಣ್ಣಿನಡಿ ಸೇರಿತು. ಹಿಂದಿನ ಸಂಜೆಯೇ ಎಲ್ಲರೂ ಹೊರಟು ಬಂದಿದ್ದರಿಂದ ಜೀವಕ್ಕೆ ಅಪಾಯವಾಗಲಿಲ್ಲ. ಬಿರುಕು ಬಿಟ್ಟ ಉಳಿದ ಗೋಡೆಗಳನ್ನು ಕೆಡವಿದ ಮೇಲೆ, ದಾರಂದದ ಸಮೇತ ಕಿತ್ತು ತಂದ ಹಲಸಿನ ಮರದ ಮುಂಬಾಗಿಲು ಅಂದಿನಿಂದ ಮಡಿಕೇರಿಯ ನಮ್ಮ ಮನೆಯ ಕಾಫಿ ಗೋದಾಮಿನಲ್ಲಿ ಗೋಡೆಗೆ ಒರಗಿ ನಿಂತಿದೆ. ಕಳೆದ ಕಕ್ಕಡದಲ್ಲಿ, ಅಂದರೆ ಕೊಡಗಿನ ಜಡಿಮಳೆಯ ತಿಂಗಳಿನಲ್ಲಿ, ಹೊರಗೆ ಕಾಲಿಡಲಾಗದ ಒಂದು ವಾರ, ಆ ಬಾಗಿಲನ್ನು ತೋಟದ ನಡುವೆ ಮಂಜಿನಲ್ಲಿ ಒಂಟಿಯಾಗಿ ನಿಲ್ಲಿಸಿ, ಅರ್ಧ ತೆರೆದ ಅದರ ಸಂದಿಯಿಂದ ದೀಪದ ಬೆಳಕು ಬರುವಂತೆ ಚಿತ್ರವೊಂದನ್ನು ಮಾಡಬೇಕೆಂಬ ಹುಚ್ಚು ನನಗೆ ಹಿಡಿಯಿತು.

ಅಷ್ಟು ಭಾರದ ಬಾಗಿಲನ್ನು ಕೆಸರಿನ ತೋಟಕ್ಕೆ ಹೊತ್ತೊಯ್ಯುವುದು ಆಗದ ಮಾತಾದ್ದರಿಂದ ಎರಡನ್ನೂ ಬೇರೆ ಬೇರೆ ತೆಗೆದು ಫೋಟೊಶಾಪ್‌ನಲ್ಲಿ ಜೋಡಿಸಲು ನಿರ್ಧರಿಸಿದೆ. ತಮ್ಮ ಅದನ್ನು ‘ಸುಳ್ಳು ಫೋಟೊ’ ಎಂದು ನಕ್ಕ. ಹೆನ್ರಿ ಪೀಚ್ ರಾಬಿನ್ಸನ್ 1858ರಲ್ಲೇ ಐದು ನೆಗೆಟಿವ್‌ಗಳನ್ನು ಕೂಡಿಸಿ, ಸಾವಿನ ಅಂಚಿನಲ್ಲಿರುವ ಹುಡುಗಿಯ ಚಿತ್ರವೊಂದನ್ನು ಮಾಡಿದ್ದನೆಂದು ಅವನಿಗೆ ಹೇಳಿದೆ. ಅವನು ‘ಹಾಗಾದರೆ ಹಳೆಯ ಸುಳ್ಳು’ ಎಂದ.

ಬೆಳಿಗ್ಗೆ ಆರೂವರೆಗೆ ಸಿಲ್ವರ್ ಓಕ್ ಮರಗಳ ಸಾಲನ್ನು 35 ಮಿ.ಮೀ. ಲೆನ್ಸಿನಲ್ಲಿ, ಟ್ರೈಪಾಡನ್ನು ಸೊಂಟದ ಎತ್ತರಕ್ಕಿಟ್ಟು ತೆಗೆದೆ. ಬಾಗಿಲನ್ನೂ ಅದೇ ಲೆನ್ಸಿನಲ್ಲಿ ಅದೇ ಎತ್ತರದಿಂದ ತೆಗೆದೆ. ಎತ್ತರ ಬೇರೆಯಾದರೆ ಎಷ್ಟು ತಿದ್ದಿದರೂ ಬಾಗಿಲು ನೆಲಕ್ಕೆ ಊರುವುದಿಲ್ಲ. ಎಡವಿದ್ದು ಬೆಳಕಿನಲ್ಲಿ. ಗೋದಾಮಿನ ಕಿಟಕಿ ಎಡಕ್ಕಿತ್ತು, ತೋಟದಲ್ಲಿ ಮಂಜು ತೆಳುವಾಗಿ ಬೆಳಕು ಸೋರುತ್ತಿದ್ದದ್ದು ಬಲಕ್ಕೆ. ಅದಕ್ಕೆ ಸುಲಭದ ದಾರಿಯೆಂದು ಬಾಗಿಲಿನ ಲೇಯರನ್ನು, ಅಂದರೆ ಅದರ ಚಿತ್ರವಿದ್ದ ಪದರವನ್ನು, ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗಿ ಫ್ಲಿಪ್ ಮಾಡಿಬಿಟ್ಟೆ.

ಮಂಜು ಮಾತ್ರ ಎರಡು ದಿನ ತಿಂದಿತು. ಮೃದುವಾದ ಬ್ರಷ್‌ನಲ್ಲಿ ಬಿಳಿ ಬಳಿದರೆ ಅದು ಒಲೆಯ ಹೊಗೆಯಂತೆ ಕಾಣುತ್ತದೆಯೇ ಹೊರತು ಮಂಜಾಗುವುದಿಲ್ಲ. ಕೊನೆಗೆ ರಾತ್ರಿ ಅಂಗಳದಲ್ಲಿ, ಟಾರ್ಚಿನ ಬೆಳಕಿಗೆ ಅಡ್ಡವಾಗಿ ಹಾದುಹೋಗುತ್ತಿದ್ದ ನಿಜವಾದ ಮಂಜನ್ನೇ ಕತ್ತಲೆಯ ಹಿನ್ನೆಲೆಯಲ್ಲಿ ತೆಗೆದು, ಆ ಚಿತ್ರವನ್ನು ಕೆಳಗಿನ ಪದರಕ್ಕೆ ಬೆಳಕನ್ನಷ್ಟೇ ಸೇರಿಸುವ ಸ್ಕ್ರೀನ್ ಮೋಡ್‌ನಲ್ಲಿಟ್ಟಾಗ ಕಪ್ಪೆಲ್ಲ ಮಾಯವಾಗಿ ಮಂಜಿನ ಎಳೆಗಳಷ್ಟೇ ಉಳಿದವು. ಅದನ್ನು ಮೂರು ಲೇಯರ್ ಮಾಡಿ ಒಂದನ್ನು ಬಾಗಿಲಿನ ಹಿಂದೆ, ಇನ್ನೊಂದನ್ನು ಹೊಸ್ತಿಲಿನ ಮೇಲೆ, ಮತ್ತೊಂದನ್ನು ಮುಂದಿನ ಕಾಫಿ ಗಿಡಗಳ ಮೇಲೆ ತೆಳುವಾಗಿ ಹರಡಿದೆ. ಮಂಜಿನಲ್ಲಿ ದೂರದ ಕಪ್ಪು ಕಪ್ಪಾಗಿ ಉಳಿಯುವುದಿಲ್ಲ, ಬೂದುಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಬೆಳಕು-ಕತ್ತಲೆಯನ್ನು ಹೊಂದಿಸುವ ಕರ್ವ್ಸ್‌ನ ಗೆರೆಯಲ್ಲಿ ಕಪ್ಪಿನ ಕೆಳತುದಿಯನ್ನು ಬಾಗಿಲಿಗಾಗಿ ತುಸು ಎತ್ತಬೇಕಾಯಿತು. ಕೆಳಗಿನದನ್ನು ಗಾಢವಾಗಿಸುವ ಮಲ್ಟಿಪ್ಲೈ ಮೋಡ್‌ನಲ್ಲಿ ಹಾಕಿದ್ದ ಉದ್ದನೆಯ ನೆರಳನ್ನು ಅಳಿಸಿ, ದಾರಂದ ನೆಲ ಮುಟ್ಟುವಲ್ಲಿ ಬೆರಳಗಲದ ಕತ್ತಲೆಯನ್ನು ಮಾತ್ರ ಉಳಿಸಿದೆ.

ಆ ಭಾನುವಾರ ಅತ್ತೆ ಬಂದಿದ್ದರು. ತೋರಿಸಬೇಕೋ ಬೇಡವೋ ಎಂದು ಅಳುಕುತ್ತಲೇ ಲ್ಯಾಪ್‌ಟಾಪ್ ಅವರ ಮುಂದಿಟ್ಟೆ. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದ ಅವರು, ‘ಅಲ್ಲ ಮಗಾ, ಚಿಲಕ ಈ ಕಡೆಗೆ ಹೇಗೆ ಬಂತು?’ ಎಂದರು. ನಾನು ಫ್ಲಿಪ್ ಮಾಡಿದ್ದನ್ನು ವಿವರಿಸತೊಡಗಿದಾಗ ಅವರ ಬಲಗೈ ತಾನಾಗಿಯೇ ಗಾಳಿಯಲ್ಲಿ ಏನನ್ನೋ ಹಿಡಿದು ಎಳೆದಂತೆ ಆಡಿತು. ‘ಮೂವತ್ತು ವರ್ಷ ಈ ಕೈಯಲ್ಲಿ ಎಳೆದದ್ದು. ಇದು ನಮ್ಮ ಬಾಗಿಲಲ್ಲ.’

ಮರುದಿನ ತಮ್ಮನೂ ನಾನೂ ಬೈದುಕೊಳ್ಳುತ್ತಲೇ ಬಾಗಿಲನ್ನು ಕಣದ ಅಂಚಿಗೆ ಎಳೆದು, ಬಲಗಡೆಯಿಂದ ಬೆಳಕು ಬೀಳುವಂತೆ ನಿಲ್ಲಿಸಿ ಮತ್ತೆ ತೆಗೆದೆವು. ಈ ಸಲ ಅಡಿಯಿಂದ ಒಂದು ಗೇಣು ಎತ್ತರದಲ್ಲಿ ಕೆಂಪು ಮಣ್ಣಿನ ಗೆರೆ ಕಂಡಿತು. ಮೊದಲ ಸಲ ಅದನ್ನು ಕೊಳೆಯೆಂದು ಹೀಲಿಂಗ್ ಬ್ರಷ್‌ನಲ್ಲಿ ನಾನೇ ಅಳಿಸಿದ್ದೆ.

ಅತ್ತೆಯ ಎರಡನೆಯ ಆಕ್ಷೇಪಣೆ ದೀಪದ್ದು. ‘ಹೊರಟ ಸಂಜೆ ಕರೆಂಟೇ ಇರಲಿಲ್ಲವಲ್ಲ, ಇಷ್ಟು ಬೆಳಕು ಎಲ್ಲಿಂದ? ಲಾಟೀನು ಒಳಗೆ ಅಡುಗೆಮನೆಯಲ್ಲಿತ್ತು.’ ಬಲ್ಬಿನಂತೆ ಬಾಗಿಲೆತ್ತರಕ್ಕೂ ತುಂಬಿದ್ದ ಹಳದಿಯನ್ನು ತೆಗೆದುಹಾಕಿ, ಬೆಳಕನ್ನು ನೆಲಮಟ್ಟಕ್ಕೆ ಇಳಿಸಿದೆ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಅಂಕಿ ಕಡಿಮೆಯಾದಷ್ಟೂ ಬೆಳಕು ಕೆಂಪು; ಮೋಡದ ದಿನದ ಬೆಳಕು 6500 ಕೆಲ್ವಿನ್ ಆಸುಪಾಸಿನದಾದರೆ ಮೇಣದ ಬತ್ತಿಯದು ಸುಮಾರು 1850. ಲಾಟೀನನ್ನು ಅದರ ಹತ್ತಿರಕ್ಕೆ ಕೆಂಪಾಗಿಸಿದೆ. ಹೊಸ್ತಿಲಿನ ಒಳಅಂಚಿನಲ್ಲಿ ಮಾತ್ರ ಒಂದು ಎಳೆ ಬೆಳಕು ಉಳಿಯಿತು.

ಮುಗಿದ ಚಿತ್ರವನ್ನು ತೋರಿಸಿದಾಗ ಅತ್ತೆ ಚೆನ್ನಾಗಿದೆ ಎಂದಾಗಲಿ, ಪ್ರಿಂಟ್ ಹಾಕಿಸು ಎಂದಾಗಲಿ ಹೇಳಲಿಲ್ಲ. ಚಿಲಕವನ್ನು ದೊಡ್ಡದು ಮಾಡು ಎಂದರು. 200 ಪ್ರತಿಶತಕ್ಕೆ ಹಿಗ್ಗಿಸಿದೆ. ಕೈ ತಾಗಿ ತಾಗಿ ಒಂದೇ ಬದಿ ಸವೆದ ಬಳೆಯಾಕಾರದ ಕಬ್ಬಿಣ ಪರದೆ ತುಂಬ ಹರಡಿತು. ‘ಇನ್ನೂ ಸ್ವಲ್ಪ,’ ಎಂದರು ಅತ್ತೆ.