ಎರಡು ಬೋರು, ಒಂದೇ ನೀರು

ಮಾರ್ಚ್ ಬಂತೆಂದರೆ ಕೋಲಾರದ ಕಡೆ ಪಂಚಾಯಿತಿಗಳಲ್ಲಿ ಒಂದೇ ಮಾತು: ಇನ್ನೊಂದು ಬೋರು ಕೊರೆಸಿ. ಅಂತರ್ಜಲ ಮಟ್ಟ ಅಳೆಯಲು ಮಾಲೂರು ತಾಲ್ಲೂಕಿನ ಒಂದು ಊರಿಗೆ ಹೋದಾಗಲೂ ಅದೇ ಆಯಿತು. ಊರಿಗೆ ನೀರು ಕೊಡುವ ಎರಡು ಬೋರುಗಳಲ್ಲಿ ಹಳೆಯದು ಅರ್ಧ ಗಂಟೆಗೆಲ್ಲ ಗಾಳಿ ಎಳೆಯುತ್ತಿತ್ತು. ಸದಸ್ಯರೊಬ್ಬರು ಆಗಲೇ ತೆಂಗಿನಕಾಯಿ ಹಿಡಿಸಿ ಪಾಯಿಂಟ್ ಹಾಕಿಸಿದ್ದರು. (ಕಾಯಿ ಅಂಗೈ ಮೇಲೆ ಎದ್ದು ನಿಂತಿತಂತೆ. ನಿಲ್ಲದ ಕಾಯಿಯ ಕಥೆಯನ್ನು ನನಗೆ ಈವರೆಗೆ ಯಾರೂ ಹೇಳಿಲ್ಲ.)

"ಮೋಟಾರ್ ಆಫ್ ಮಾಡಿ ಎಷ್ಟು ಹೊತ್ತಾಯ್ತಣ್ಣ?" ಎಂದು ವಾಟರ್‌ಮ್ಯಾನನ್ನು ಕೇಳಿದೆ.

"ರಾತ್ರಿಯಿಂದ ಆನೇ ಮಾಡಿಲ್ಲ ಸಾರ್. ಮಾಡಿದ್ರೂ ಏನು ಬತ್ತದೆ?"

ನಮಗೆ ಅದೇ ಬೇಕಿತ್ತು. ಮೋಟಾರ್ ಓಡುವಾಗ ಬೋರಿನೊಳಗೆ ನೀರಿನ ಮಟ್ಟ ಕೆಳಗಿಳಿದಿರುತ್ತದೆ, ಆ ಅಳತೆ ನಂಬುವಂಥದ್ದಲ್ಲ. ಮುಚ್ಚಳ ಬಿಚ್ಚಿ, ಪೈಪು ಕೇಬಲ್ಲುಗಳ ಸಂದಿಯಲ್ಲಿ ಟೇಪು ಇಳಿಬಿಟ್ಟೆ. ತುದಿಯ ಲೋಹ ನೀರಿಗೆ ತಾಗಿದರೆ ಮೇಲಿನ ಸುರುಳಿ 'ಕುಂಯ್' ಅನ್ನುತ್ತದೆ. ಅಲ್ಲಿ ಬಂದ ಅಂಕಿಯಿಂದ ಕೇಸಿಂಗ್ (ಬೋರಿನ ಬಾಯಿಗೆ ಇಳಿಸಿದ ಹೊರಕೊಳವೆ) ನೆಲದ ಮೇಲೆ ಎಷ್ಟು ಎದ್ದಿದೆಯೋ ಅಷ್ಟನ್ನು ಕಳೆಯಬೇಕು. ನೆಲದಿಂದ ನೀರಿಗೆ 180 ಮೀಟರ್ ಆಳ ಎಂದು ಬರೆದುಕೊಂಡೆ.

ಅಷ್ಟರಲ್ಲಿ ಕರೆಂಟ್ ಬಂತು. ಓವರ್‌ಹೆಡ್ ಟ್ಯಾಂಕ್ ತುಂಬಿಸಲು ಹೊಸ ಬೋರು ಶುರು ಮಾಡಿದರು. ಅದು ಒಂದು ಹೊಲದಾಚೆಗೆ ಇತ್ತು. ಹೇಗೂ ಕಾಯುತ್ತಿದ್ದೇನಲ್ಲ ಎಂದು ಹಳೆ ಬೋರಿನಲ್ಲೇ ಮತ್ತೆ ಟೇಪು ಬಿಟ್ಟೆ. 182. ಸ್ವಲ್ಪ ಹೊತ್ತು ಬಿಟ್ಟು 184. ಬಿಸಿಲೇರುವ ಹೊತ್ತಿಗೆ 187. ಒಂದು ಕೊಡ ನೀರೂ ಎತ್ತದ ಬೋರು ಇಳಿಯುತ್ತಲೇ ಇತ್ತು! ಹೊಸದನ್ನು ನಿಲ್ಲಿಸಲು ಹೇಳಿದೆ. ಮಧ್ಯಾಹ್ನದ ಹೊತ್ತಿಗೆ ನೀರು ನಿಧಾನಕ್ಕೆ ಮೇಲೇರತೊಡಗಿತು.

"ಹಂಗಾದ್ರೆ ಎರಡೂ ಒಂದೇ ನೀರು ಕುಡೀತಾವೆ ಸಾರ್," ಅಂದ ವಾಟರ್‌ಮ್ಯಾನ್. ಇಲ್ಲಿ ನೆಲದಡಿ ಇರುವುದು ಗಟ್ಟಿ ಬಂಡೆ. ನೀರು ನಿಲ್ಲುವುದು ಅದರ ಬಿರುಕುಗಳಲ್ಲಿ ಮಾತ್ರ. ಒಂದೇ ಬಿರುಕಿಗೆ ಮೂರನೇ ಬೋರು ಇಳಿಸಿದರೆ ಹೆಚ್ಚುವುದು ಕರೆಂಟ್ ಬಿಲ್ಲು. ಜಿಲ್ಲೆಯ ತಾಲ್ಲೂಕುಗಳೆಲ್ಲ 'ಅತಿಬಳಕೆ' ಪಟ್ಟಿಯಲ್ಲಿ ಸುಮ್ಮನೆ ಸೇರಿಲ್ಲ: ವರ್ಷಕ್ಕೆ ಇಂಗುವುದಕ್ಕಿಂತ ಎತ್ತುವುದೇ ಜಾಸ್ತಿ.

ಸಂಜೆ ಪಂಚಾಯಿತಿಯಲ್ಲಿ ಅಧ್ಯಕ್ಷರು, "ಲಕ್ಷ್ಮೀಸಾಗರದ ಕಡೆ ಬಾವಿಗಳಲ್ಲೇ ನೀರು ಬಂದಿದೆಯಂತಲ್ಲ ಸಾರ್, ನಮಗ್ಯಾಕಿಲ್ಲ?" ಎಂದರು. ಅಲ್ಲಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುತ್ತದೆ, ಕೆರೆಯಿಂದ ಕೆರೆಗೆ ಹರಿಯುತ್ತದೆ. ಈ ಊರಿನ ಕೆರೆ ಆ ಸಾಲಿನಲ್ಲಿಲ್ಲ. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಬೋರುಗಳ ಬಗ್ಗೆ ಇತ್ತು: ಒಂದನ್ನು ಬೆಳಿಗ್ಗೆ, ಇನ್ನೊಂದನ್ನು ರಾತ್ರಿ ಓಡಿಸಿ, ನಡುವೆ ನೀರು ಚೇತರಿಸಿಕೊಳ್ಳಲು ಬಿಡಿ, ವಾರಕ್ಕೊಮ್ಮೆ ಅಳೆದು ಬರೆದಿಡಿ. ಕೇಂದ್ರ ಅಂತರ್ಜಲ ಮಂಡಳಿಯವರು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತಾರೆ. ಜಿಲ್ಲೆಯ ನಕ್ಷೆಗೆ ಅದು ಸಾಕು, ನಾಳೆ ಬೆಳಿಗ್ಗೆ ನಲ್ಲಿ ಬಿಡುವವನಿಗೆ ಸಾಲದು. ಟೇಪು ಇರಬೇಕಾದದ್ದು ವಾಟರ್‌ಮ್ಯಾನ್ ಕೈಯಲ್ಲಿ ಎಂದು ನಾನು ಆಗಲೂ ವಾದಿಸಿದೆ, ಈಗಲೂ ವಾದಿಸುತ್ತೇನೆ.

ಪಂಚಾಯಿತಿಯವರು ಟೇಪು ಕೊಂಡರು. ವಾಟ್ಸಾಪಿನಲ್ಲಿ ಅಂಕಿಗಳು ಬರತೊಡಗಿದವು. ಏಪ್ರಿಲ್‌ನಲ್ಲಿ ಮಟ್ಟ ವಾರವಾರಕ್ಕೂ ಕುಸಿಯುವುದನ್ನು ಕಂಡು, ನಲ್ಲಿ ನಿಲ್ಲುವ ಮೊದಲೇ ಊರಾಚೆಯ ರೈತರೊಬ್ಬರ ಬೋರನ್ನು ಬಾಡಿಗೆಗೆ ಮಾತಾಡಿಕೊಂಡರು. ಬಾಡಿಗೆ ಎಷ್ಟೆಂಬುದರ ಮೇಲೆ ಮಾತ್ರ ಇಡೀ ದಿನ ಜಗಳ ನಡೆಯಿತಂತೆ.