ಜ್ವಾಲಾಮುಖಿಯ ಒಳಗೊಂದು ಭಾನುವಾರ

ಜುಲೈ 14, 2024, ಭಾನುವಾರ
ಸಮೋಸಿರ್, ತೋಬಾ ಸರೋವರ, ಸುಮಾತ್ರಾ

ಜ್ವಾಲಾಮುಖಿಯ ಒಳಗೇ ಉಳಿದುಕೊಂಡಿದ್ದೇನೆ, ಆದರೆ ಅದು ಎಲ್ಲೂ ಕಾಣಿಸುತ್ತಿಲ್ಲ. ಹೊಗೆಯಿಲ್ಲ, ಕೆಂಡವಿಲ್ಲ, ಚಿತ್ರಗಳಲ್ಲಿ ನೋಡಿದಂಥ ದುಂಡನೆಯ ಬಾಯಿಯೂ ಇಲ್ಲ. ಜಗಲಿಯಿಂದ ಕಾಣುವುದು ನೀರು, ಅದರಾಚೆ ಗೋಡೆ ಕಟ್ಟಿದಂತೆ ನಿಂತ ಬೆಟ್ಟದ ಸಾಲು. ಆ ಗೋಡೆಯೇ ಬಾಯಿಯ ಅಂಚು. ಉದ್ದ ಸುಮಾರು 100 ಕಿಲೋಮೀಟರ್, ಅಗಲ 30. ಇಷ್ಟು ದೊಡ್ಡದರ ನಡುವೆ ಕುಳಿತವರಿಗೆ ಅದು ಬಾಯಿ ಎಂದು ತಿಳಿಯುವುದಾದರೂ ಹೇಗೆ?

ಸುಮಾರು 74,000 ವರ್ಷಗಳ ಹಿಂದೆ ನೆಲದಡಿಯ ಶಿಲಾಪಾಕ ಹೊರಚಿಮ್ಮಿ, ಮೇಲಿನ ನೆಲ ಕುಸಿದು ಆದ ಹಳ್ಳವಿದು. ಅಂದಿನ ಬೂದಿ ಆಂಧ್ರದ ಜ್ವಾಲಾಪುರದವರೆಗೂ ಹೋಗಿ ಬಿದ್ದಿದೆ. ಅಲ್ಲಿ ಬೂದಿಯ ಪದರದ ಕೆಳಗೂ ಮೇಲೂ ಕಲ್ಲಿನ ಉಪಕರಣಗಳು ಸಿಕ್ಕಿವೆ, ಅಂದರೆ ಬೂದಿ ಬಿದ್ದ ಮೇಲೂ ಅಲ್ಲಿ ಜನರಿದ್ದರು. ಈ ಸ್ಫೋಟದಿಂದ ಮನುಷ್ಯಕುಲವೇ ಅಳಿವಿನ ಅಂಚಿಗೆ ಹೋಗಿತ್ತು ಎಂಬ ಜನಪ್ರಿಯ ಕಥೆಯನ್ನು ನಾನು ಅಷ್ಟಾಗಿ ನಂಬದಿರುವುದು ಅದಕ್ಕೇ.

ಬೆಳಿಗ್ಗೆ ಗುಡ್ಡದ ದಾರಿಯಲ್ಲಿ ಸಿಕ್ಕ ಮಣ್ಣು ಮಾತ್ರ ಒಂದಿಷ್ಟು ಗುಟ್ಟು ಬಿಟ್ಟುಕೊಟ್ಟಿತು. ರಸ್ತೆಗಾಗಿ ಕಡಿದ ದಿಬ್ಬದಲ್ಲಿ ಮಾಸಲು ಬಿಳಿಯ ಪದರಗಳು, ಒಂದರ ಮೇಲೊಂದು ತೆಳ್ಳಗೆ. ಚೂರೊಂದನ್ನು ಕಿತ್ತು ಉಜ್ಜಿದರೆ ಸೀಮೆಸುಣ್ಣದಂತೆ ಬೆರಳಿಗೆ ಮೆತ್ತಿಕೊಳ್ಳುತ್ತದೆ. ಇದು ಸರೋವರದ ತಳದಲ್ಲಿ ಕೂತ ಕೆಸರು. ಕಣ್ಣಿಗೆ ಕಾಣದ ಡಯಾಟಮ್ ಪಾಚಿಯ ಚಿಪ್ಪುಗಳೂ ಇದರಲ್ಲಿವೆ. ಕುಸಿದ ಮೇಲೆ ಒಳಗಿನ ಒತ್ತಡ ತಳವನ್ನು ಮತ್ತೆ ನೂರಾರು ಮೀಟರ್ ಮೇಲಕ್ಕೆ ನೂಕಿದ್ದರಿಂದ ಸಮೋಸಿರ್ ದ್ವೀಪವಾಯಿತು. ನಾನು ಏದುಸಿರು ಬಿಡುತ್ತಾ ಹತ್ತಿದ್ದು ಒಂದು ಕಾಲದ ಕೆರೆಯಂಗಳವನ್ನು!

ಪ್ರಶಾಂತ ತಾಣ ಎಂದು ಹೇಳಿ ಕಳುಹಿಸಿದವರು ಇಲ್ಲಿನ ಭಾನುವಾರವನ್ನು ಕಂಡಿಲ್ಲ. ಕೋಳಿಗಳ ಕೂಗಿನ ಹಿಂದೆಯೇ ಚರ್ಚಿನ ಹಾಡು. ಇಲ್ಲಿನ ಮೂಲನಿವಾಸಿಗಳಾದ ಬತಕ್ ಜನ ನಾಲ್ಕು ದನಿಗಳಲ್ಲಿ ಹಾಡುತ್ತಾರೆ, ಅದೂ ಎದೆ ತುಂಬಿ. ನಡುವೆ ಧ್ವನಿವರ್ಧಕ ಹಚ್ಚಿಕೊಂಡು ಹೋಗುವ ದೋಣಿಗಳು. ನನಗೇನೂ ಬೇಸರವಾಗಲಿಲ್ಲ. ಮೌನ ಬೇಕೆಂದು ಇಷ್ಟು ದೂರ ಬರುವ ಅಗತ್ಯವೂ ಇರಲಿಲ್ಲ.

ಮನೆಯೊಡತಿಯನ್ನು ಎಲ್ಲರಂತೆ ನಾನೂ ಇನಾಂಗ್, ಅಂದರೆ ಅಮ್ಮ, ಎಂದೇ ಕರೆಯುತ್ತೇನೆ. ಅವರು ನನ್ನ ಹೆಸರು ಕೇಳುವ ಮೊದಲೇ ಮಾರ್ಗಾ, ಅಂದರೆ ಕುಲ, ಯಾವುದೆಂದು ಕೇಳಿದ್ದರು. ಅದು ತಿಳಿದರೆ ಎದುರಿನವರು ಸಂಬಂಧದಲ್ಲಿ ಏನಾಗಬೇಕು, ಹೇಗೆ ಕರೆಯಬೇಕು ಎಲ್ಲವೂ ಇತ್ಯರ್ಥ. ನನಗೆ ಮಾರ್ಗಾ ಇಲ್ಲವೆಂದಾಗ ಅವರ ಮುಖದಲ್ಲಿ ಮೂಡಿದ್ದು ಅಪ್ಪಟ ಅನುಕಂಪ. ಇವತ್ತು ಅವರ ಮಗ್ಗಕ್ಕೆ ರಜೆ, ಅರ್ಧ ನೇಯ್ದ ಉಲೋಸ್ ಬಟ್ಟೆ ಹಾಗೇ ಸುತ್ತಿಟ್ಟಿದೆ. ಮಧ್ಯಾಹ್ನ ಅರ್ಸಿಕ್ ಬಡಿಸಿದರು: ಇಡೀ ಮೀನು, ಅರಿಶಿನದ ಮಸಾಲೆ, ರಸ ಇಂಗುವವರೆಗೆ ಬೇಯಿಸಿದ್ದು. ಅದರಲ್ಲಿರುವ ಅಂದಾಲಿಮಾನ್ ಎಂಬ ಪುಟ್ಟ ಕಾಳು ಮೊದಲು ನಿಂಬೆಯಂತೆ ಘಮ್ಮೆನ್ನುತ್ತದೆ, ಆಮೇಲೆ ನಾಲಗೆ ಜುಮ್ಮೆಂದು ಮರಗಟ್ಟುತ್ತದೆ. ನೀರು ಕುಡಿದರೂ ಇಳಿಯಲಿಲ್ಲ.

ಸಂಜೆ ಈಜಿದೆ, ದಡ ಬಿಟ್ಟು ಹೋಗಲಿಲ್ಲ. ಸರೋವರದ ಆಳ ಸುಮಾರು 500 ಮೀಟರ್ ಎಂದು ಓದುವುದು ಬೇರೆ, ಕಾಲ ಕೆಳಗಿನ ನೀರು ಹಠಾತ್ತನೆ ಕಪ್ಪಾಗುವುದು ಬೇರೆ. 2018ರ ಜೂನ್‌ನಲ್ಲಿ ಸಿಮನಿಂಡೊದಿಂದ ತಿಗರಾಸ್‌ಗೆ ಹೊರಟ ದೋಣಿಯೊಂದು ಕಿಕ್ಕಿರಿದ ಜನರೊಂದಿಗೆ ಮುಳುಗಿತು. ಸುಮಾರು 450 ಮೀಟರ್ ಆಳದಲ್ಲಿ ಅದು ಇರುವುದು ಪತ್ತೆಯಾಯಿತು, ಮೇಲೆತ್ತಲು ಆಗಲಿಲ್ಲ. ನೂರೈವತ್ತಕ್ಕೂ ಹೆಚ್ಚು ಮಂದಿಯ ದೇಹಗಳು ಸಿಗಲೇ ಇಲ್ಲ. ಇನಾಂಗ್ ಆ ವಿಷಯ ಎತ್ತುವುದಿಲ್ಲ, ನಾನೂ ಕೇಳಲಿಲ್ಲ.

ಸಮಭಾಜಕಕ್ಕೆ ಇಷ್ಟು ಹತ್ತಿರವಿದ್ದರೂ ರಾತ್ರಿ ಎರಡು ಹೊದಿಕೆ ಬೇಕು, ಎತ್ತರ 900 ಮೀಟರ್ ತಾನೆ. ನಾಳೆ ಪಂಗುರುರಾನ್ ಕಡೆಗೆ ಹೊರಟಿದ್ದೇನೆ. ಅಲ್ಲಿ ಪುಸುಕ್ ಬುಹಿತ್ ಬೆಟ್ಟದ ಮಗ್ಗುಲಲ್ಲಿ ಗಂಧಕದ ಬಿಸಿನೀರ ಬುಗ್ಗೆಗಳಿವೆ. ಒಳಗಿನ ಬೆಂಕಿ ಆರಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಇನಾಂಗ್‌ರ ತಮ್ಮ ಸ್ಕೂಟರ್ ಕೊಡುತ್ತೇನೆ ಎಂದಿದ್ದಾರೆ, ಪೆಟ್ರೋಲ್ ಮಾತ್ರ ನಾನೇ ಹಾಕಿಸಬೇಕಂತೆ.